ಸಹಿಗೆ ಮುನ್ನ ರಾಜ್ಯಗಳನ್ನೂ ಕೇಳಿ

ಮಾನ್ಯ ಸಂಪಾದಕರೇ,

ಐರೋಪ್ಯ ಒಕ್ಕೂಟದ ಜತೆಗಿನ ವ್ಯಾಪಾರ, ಕಾಫಿಗೂ ಅನ್ವಯಿಸುವ ಅಲ್ಲಿನ ಅರಣ್ಯನಾಶ ತಡೆ ನಿಯಮ ಮುಂತಾದ ಸುದ್ದಿಗಳಲ್ಲಿ ‘ಬ್ರಸೆಲ್ಸ್ ತೀರ್ಮಾನಿಸಿತು’ (ಅಂದರೆ, ಆ ನಗರದಲ್ಲಿ ಆಡಳಿತ ಕೇಂದ್ರವಿರುವ ಒಕ್ಕೂಟ ತೀರ್ಮಾನಿಸಿತು) ಎಂಬ ಮಾತನ್ನು ಮತ್ತೆ ಮತ್ತೆ ಓದುತ್ತೇವೆ. ಆ ತೀರ್ಮಾನದ ಬಹುಪಾಲು ಕೆಲಸ ನಡೆಯುವುದು 27 ಸದಸ್ಯ ದೇಶಗಳ ರಾಜಧಾನಿಗಳಲ್ಲಿ. ಆ ಸರ್ಕಾರಗಳು ತಮ್ಮೊಳಗೆ ಒಂದು ನಿಲುವಿಗೆ ಬರುವ ಬಗೆಯನ್ನು ಕರ್ನಾಟಕದವರು ಗಮನಿಸಬೇಕು; ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕೇಂದ್ರ ನಮ್ಮ ರಾಜ್ಯಗಳನ್ನೂ ಕೇಳುವುದು ಹೇಗೆಂಬುದಕ್ಕೆ ಅದರಲ್ಲಿ ಪಾಠವಿದೆ.

ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಕಮಿಷನ್ ಮಂಡಿಸಿದ ಕರಡು ಮೊದಲು ಸದಸ್ಯ ದೇಶಗಳ ಅಧಿಕಾರಿಗಳ ಕಾರ್ಯತಂಡಕ್ಕೆ, ಅಲ್ಲಿಂದ ‘ಕೊರೆಪರ್’ ಎಂಬ ರಾಯಭಾರಿಗಳ ಸಮಿತಿಗೆ, ಕೊನೆಗೆ ಸಚಿವರ ಮಂಡಳಿಗೆ ಹೋಗುತ್ತದೆ. ಕೆಳಹಂತದಲ್ಲೇ ಒಪ್ಪಿಗೆಯಾದದ್ದು ಸಚಿವರ ಮುಂದೆ ಚರ್ಚೆಯಿಲ್ಲದೆ ಪಾಸಾಗುತ್ತದೆ. ಕಾರ್ಯತಂಡದಲ್ಲಿ ಕೂತ ಅಧಿಕಾರಿಗೆ ತನ್ನ ರಾಜಧಾನಿಯಿಂದ ಸೂಚನೆ ಬರುವುದು ತಡವಾದರೆ, ಆಮೇಲೆ ಮಂತ್ರಿಯೇ ಹೋದರೂ ತಿದ್ದುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಫ್ರಾನ್ಸ್ ಇದಕ್ಕೆಂದೇ ಪ್ರಧಾನಿಯ ಕೈಕೆಳಗೆ ಪ್ರತ್ಯೇಕ ಸಚಿವಾಲಯ ಇಟ್ಟುಕೊಂಡಿದೆ. ಇಲಾಖೆಗಳ ಜಗಳವನ್ನು ಪ್ಯಾರಿಸ್ಸಿನಲ್ಲೇ ಬಗೆಹರಿಸಿ, ಬ್ರಸೆಲ್ಸ್‌ಗೆ ಒಂದೇ ಸೂಚನೆ ಕಳಿಸುತ್ತದೆ.

ಡೆನ್ಮಾರ್ಕ್ ಇನ್ನೂ ಒಂದು ಹೆಜ್ಜೆ ಮುಂದಿದೆ. ಕರಡನ್ನು ಆಯಾ ಕ್ಷೇತ್ರದ ಅಧಿಕಾರಿಗಳ ವಿಶೇಷ ಸಮಿತಿ ನೋಡಿದ ಮೇಲೆ, ಸಚಿವರು ಮಂಡಳಿಯ ಸಭೆಗೆ ಹೊರಡುವ ಮೊದಲು, ಸಾಮಾನ್ಯವಾಗಿ ಶುಕ್ರವಾರ, ಸಂಸತ್ತಿನ 17 ಸದಸ್ಯರ ಐರೋಪ್ಯ ಸಮಿತಿಯ ಮುಂದೆ ತಮ್ಮ ನಿಲುವನ್ನು ಬಾಯಿಮಾತಿನಲ್ಲಿ ಹೇಳಬೇಕು. ಅಧ್ಯಕ್ಷರು ಪಕ್ಷಗಳ ಬಲವನ್ನು ಲೆಕ್ಕ ಹಾಕುತ್ತಾರೆ. 179 ಸ್ಥಾನಗಳ ಸಂಸತ್ತಿನಲ್ಲಿ ಬಹುಮತವಿರುವಷ್ಟು ಪಕ್ಷಗಳು ‘ಬೇಡ’ ಎನ್ನದಿದ್ದರೆ ಸಚಿವರಿಗೆ ಅನುಮತಿ ಸಿಕ್ಕಂತೆ. ಮಾತುಕತೆಯ ಗುಟ್ಟು ಬಯಲಾಗುತ್ತದೆ ಎಂದು ನಮ್ಮಲ್ಲಿ ಸಂಸತ್ತನ್ನು ದೂರ ಇಡುವವರು ಇದನ್ನು ಗಮನಿಸಲಿ: ಅಲ್ಲಿ ಗುಟ್ಟಿನ ಅಂಶವಿದ್ದರೆ ಬಾಗಿಲು ಮುಚ್ಚಿ ಸಭೆ ನಡೆಸುತ್ತಾರೆ, ಅಷ್ಟೇ.

ಒಳಗಿನ ಒಪ್ಪಂದ ಕುದುರದಿದ್ದರೆ ಏನಾಗುತ್ತದೆಂಬುದಕ್ಕೆ ಜರ್ಮನಿ ಸಾಕ್ಷಿ. ಮಂಡಳಿಯಲ್ಲಿ ಬಹುತೇಕ ಮಸೂದೆಗಳಿಗೆ ಕನಿಷ್ಠ 15 ದೇಶಗಳ ‘ಹೌದು’ ಬೇಕು, ಆ ದೇಶಗಳಲ್ಲಿ ಒಕ್ಕೂಟದ ಜನಸಂಖ್ಯೆಯ ಶೇ 65ರಷ್ಟಾದರೂ ಇರಬೇಕು. ಹೌದೆಂದವರನ್ನು ಮಾತ್ರ ಎಣಿಸುವುದರಿಂದ ತಟಸ್ಥ ಮತವೂ ವಿರೋಧದ ಲೆಕ್ಕಕ್ಕೇ ಸೇರುತ್ತದೆ. ಬರ್ಲಿನ್ನಿನ ಮೈತ್ರಿ ಪಕ್ಷಗಳಲ್ಲಿ ಒಮ್ಮತವಿಲ್ಲದಾಗ ಜರ್ಮನಿ ತಟಸ್ಥವಾಗುತ್ತದೆ. ಇದಕ್ಕೆ ಬ್ರಸೆಲ್ಸ್‌ನಲ್ಲಿ ‘ಜರ್ಮನ್ ವೋಟ್’ ಎಂಬ ಹೆಸರೇ ಬಿದ್ದಿದೆ. 2035ರಿಂದ ಹೊಸ ಪೆಟ್ರೋಲ್, ಡೀಸೆಲ್ ಕಾರುಗಳ ಮಾರಾಟ ನಿಲ್ಲಿಸುವ ನಿಯಮಕ್ಕೆ 2022ರ ಅಕ್ಟೋಬರಿನಲ್ಲೇ ಒಪ್ಪಂದವಾಗಿತ್ತು. 2023ರ ಮಾರ್ಚಿನಲ್ಲಿ, ಕೊನೇ ಮತದಾನ ಹತ್ತಿರವಾದಾಗ, ಒಂದು ಮೈತ್ರಿ ಪಕ್ಷದ ಸಾರಿಗೆ ಸಚಿವರು ತಕರಾರು ತೆಗೆದರು. ಮತದಾನ ಮುಂದಕ್ಕೆ ಹೋಯಿತು.

ನಮಗೆ ಹೆಚ್ಚು ಹತ್ತಿರದ್ದು ಬೆಲ್ಜಿಯಂ. ಡಚ್ ನುಡಿಯುವ ಫ್ಲಾಂಡರ್ಸ್, ಫ್ರೆಂಚ್ ನುಡಿಯುವ ವಲೋನಿಯಾ, ಜತೆಗೆ ಬ್ರಸೆಲ್ಸ್ ಪ್ರದೇಶ ಸೇರಿದ ಒಕ್ಕೂಟ ಅದು. 1994ರ ಸಹಕಾರ ಒಪ್ಪಂದ ಯಾವ ಸಭೆಗೆ ಯಾರು ಹೋಗಬೇಕೆಂದು ವಿಂಗಡಿಸಿತು. ಸಮುದ್ರತೀರವಿರುವುದು ಫ್ಲಾಂಡರ್ಸ್‌ಗೆ ಮಾತ್ರ, ಆದ್ದರಿಂದ ಮೀನುಗಾರಿಕೆಗೆ ಫ್ಲೆಮಿಷ್ ಸಚಿವರೇ. ಕೃಷಿಗೆ ಕೇಂದ್ರದ ಸಚಿವರ ಪಕ್ಕ ಪ್ರದೇಶಗಳವರು. ಪ್ರತಿ ಸಭೆಗೆ ಮುಂಚೆ ವಿದೇಶಾಂಗ ಇಲಾಖೆ ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸುತ್ತದೆ. ಅಲ್ಲಿ ಒಮ್ಮತವಾಗದಿದ್ದರೆ ಮೇಲಿನ ಹಂತಕ್ಕೆ ಒಯ್ಯುತ್ತಾರೆ. ಅಲ್ಲೂ ಆಗದಿದ್ದರೆ ಬೆಲ್ಜಿಯಂ ತಟಸ್ಥ. 2016ರಲ್ಲಿ ಕೆನಡಾ ಜತೆಗಿನ ವ್ಯಾಪಾರ ಒಪ್ಪಂದಕ್ಕೆ ವಲೋನಿಯಾ ಒಪ್ಪಲಿಲ್ಲ. ಅಕ್ಟೋಬರ್ 27ಕ್ಕೆ ಗೊತ್ತಾಗಿದ್ದ ಸಹಿ 30ಕ್ಕೆ ಹೋಯಿತು. ತಡವಾದದ್ದು ಮೂರೇ ದಿನ. ಅಷ್ಟರಲ್ಲಿ ಕೃಷಿ ಮತ್ತು ಹೂಡಿಕೆ ವ್ಯಾಜ್ಯಗಳ ಬಗ್ಗೆ ಲಿಖಿತ ಭರವಸೆಗಳು ಸಿಕ್ಕವು.

ಭಾರತ ಅಂಥ ಒಕ್ಕೂಟದಲ್ಲಿಲ್ಲ, ನಿಜ. ಆದರೂ ವ್ಯಾಪಾರ ಒಪ್ಪಂದಗಳು ನಮ್ಮ ಹೊಲ ತೋಟಗಳನ್ನು ತಲುಪುತ್ತವೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ವಿದೇಶಿ ಒಪ್ಪಂದ ಕೇಂದ್ರಪಟ್ಟಿಯ 14ನೇ ನಮೂದು, ಕೃಷಿ ರಾಜ್ಯಪಟ್ಟಿಯ 14ನೇ ನಮೂದು. ಎರಡೂ ಎದುರಾದಾಗ 253ನೇ ವಿಧಿಯಂತೆ ಸಂಸತ್ತಿನದೇ ಕೊನೇ ಮಾತು. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಮಾತುಕತೆಗೆ ಮುಂಚೆ ರಾಜ್ಯವನ್ನು ಕೇಳಲೇಬೇಕು ಎಂಬ ಕಟ್ಟುಪಾಡು ಎಲ್ಲೂ ಇಲ್ಲದಿರುವುದೇ ಕೊರತೆ. ಆರ್‌ಸಿಇಪಿ (ಏಷ್ಯಾ-ಪೆಸಿಫಿಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದ) ಮಾತುಕತೆ ಶುರುವಾದದ್ದು 2012ರ ಕೊನೆಯಲ್ಲಿ, ಭಾರತ ಹಿಂದೆ ಸರಿದದ್ದು 2019ರ ನವೆಂಬರ್ 4ರಂದು. ಹಾಲು ಉತ್ಪಾದಕರು ತಮ್ಮ ಅಭಿಪ್ರಾಯ ಹೇಳುವುದಕ್ಕೆ ಬೀದಿಗಿಳಿಯಬೇಕಾಯಿತು. ಕಾಳುಮೆಣಸಿನ ಆಮದಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ನಿಗದಿಯಾದದ್ದೂ 2017ರ ಡಿಸೆಂಬರಿನಲ್ಲಿ, ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟ ಮೇಲೆಯೇ.

263ನೇ ವಿಧಿಯಡಿ 1990ರಲ್ಲೇ ರಚನೆಯಾದ ಅಂತರರಾಜ್ಯ ಮಂಡಳಿ ಇದೆ. ಅದರಡಿ ಕೃಷಿ ವ್ಯಾಪಾರಕ್ಕೊಂದು ಕಾಯಂ ಸಮಿತಿ ಇರಲಿ. ಪ್ರತಿ ಸುತ್ತಿನ ಮಾತುಕತೆಗೆ ಮುಂಚೆ ಯಾವ ಬೆಳೆ, ಈಗಿನ ಸುಂಕ ಎಷ್ಟು, ಎಷ್ಟಕ್ಕೆ ಇಳಿಸುವ ಪ್ರಸ್ತಾವವಿದೆ ಎಂಬ ಟಿಪ್ಪಣಿಯನ್ನು ರಾಜ್ಯಗಳಿಗೆ ಗೌಪ್ಯವಾಗಿ ಕಳಿಸಿ, ಉತ್ತರಕ್ಕೆ ಗಡುವು ಕೊಡಲಿ. ಇತ್ತ ವಿಧಾನಸೌಧದಲ್ಲಿ ತೋಟಗಾರಿಕೆ, ಪಶುಸಂಗೋಪನೆ, ವಾಣಿಜ್ಯ ಇಲಾಖೆಗಳು ಮೂರು ಉತ್ತರ ಬರೆಯದಂತೆ ಮುಖ್ಯ ಕಾರ್ಯದರ್ಶಿಯವರ ಕಚೇರಿಯಲ್ಲಿ ಒಂದು ಘಟಕ ಈಗಲೇ ತೆರೆಯಬೇಕು. ಅದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ.

— ಓದುಗ, ಮೈಸೂರು