ಮನೆ ಸಾಲಕ್ಕೆ ಸಹಿ ಹಾಕುವ ಮುಂಚೆ

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ನಿನ್ನ ಪತ್ರ ತಲುಪಿತು. ಬ್ಯಾಂಕು, ತೆರಿಗೆ, ಮನೆ ಬೆಲೆ ಎಲ್ಲವನ್ನೂ ಒಂದೇ ಉಸಿರಿಗೆ ಕೇಳಿದ್ದೀಯ. ನನಗೆ ಗೊತ್ತಿರುವ ಅರ್ಥಶಾಸ್ತ್ರವೆಲ್ಲ ಕಂತು ಕಟ್ಟುತ್ತಾ ಕಲಿತದ್ದು, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನನ್ನ ಮನೆ ಸಾಲ 20 ವರ್ಷದ್ದು, ಬಡ್ಡಿ ಶೇ 9. ಐದು ವರ್ಷ ಒಂದು ಕಂತೂ ತಪ್ಪಿಸಲಿಲ್ಲ. ಆಮೇಲೆ ಒಂದು ದಿನ ಬಾಕಿ ಎಷ್ಟಿದೆ ಅಂತ ನೋಡಿದರೆ ಎದೆ ಧಸಕ್ಕೆಂದಿತು. ಒಂದು ಲಕ್ಷದ ಸಾಲ ಅಂತ ಇಟ್ಟುಕೊಂಡು ಹೇಳುತ್ತೇನೆ, ಕೇಳು. ತಿಂಗಳ ಕಂತು ಹೆಚ್ಚುಕಮ್ಮಿ 900. ಮೊದಲ ತಿಂಗಳು ಅದರಲ್ಲಿ 750 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಬೀಳುವುದು 150. ಐದು ವರ್ಷದಲ್ಲಿ 54,000 ಕಟ್ಟಿರುತ್ತೀಯ, ಅಸಲು ಕರಗಿರುವುದು 11,000 ಚಿಲ್ಲರೆ. ಅರ್ಧ ಅಸಲು ತೀರೋಕೆ 14 ವರ್ಷ ಬೇಕು! ಬ್ಯಾಂಕಿನವರು ಮೋಸ ಮಾಡಿದ್ದಾರೆ ಅಂತ ನಾನು ಜಗಳಕ್ಕೇ ಹೊರಟಿದ್ದೆ. ನಿನ್ನ ದೊಡ್ಡಮ್ಮ ಪೆನ್ಸಿಲ್ ಹಿಡಿದು ಕೂತು, ತಿಂಗಳು ತಿಂಗಳಿನ ಲೆಕ್ಕ ಹಾಕಿ ತೋರಿಸಿದಳು. ಎಲ್ಲೂ ತಪ್ಪಿರಲಿಲ್ಲ. ಉಳಿದ ಅಸಲಿನ ಮೇಲೆ ಬಡ್ಡಿ, ಶುರುವಿನಲ್ಲಿ ಅಸಲು ದೊಡ್ಡದು, ಅಷ್ಟೇ.

ಆದ್ದರಿಂದ ಮೊದಮೊದಲ ವರ್ಷಗಳಲ್ಲಿ ಕೈಗೆ ಜಾಸ್ತಿ ದುಡ್ಡು ಬಂದರೆ ಅಸಲಿಗೆ ಹಾಕು. ಪ್ರತಿ ವರ್ಷ ಒಂದೇ ಒಂದು ಕಂತು ಹೆಚ್ಚಿಗೆ ಕಟ್ಟಿದರೂ ಇದೇ ಸಾಲ 20 ವರ್ಷದ ಬದಲು 17 ವರ್ಷದೊಳಗೇ ಮುಗಿಯುತ್ತದೆ. ಹಾಗೆ ಕಟ್ಟೋದಕ್ಕೆ ದಂಡ ಇದೆಯಾ ಅಂತ ಸಹಿಗೆ ಮುಂಚೆಯೇ ಕೇಳಿಕೋ. ಆರು ತಿಂಗಳ ಖರ್ಚನ್ನು ಮಾತ್ರ ಬೇರೆ ಇಟ್ಟುಕೊಂಡಿರು, ಅದನ್ನು ಮುಟ್ಟಬೇಡ.

ಮನೆ ಬೆಲೆ ಯಾವತ್ತೂ ಇಳಿಯಲ್ಲ ಅಂತ ಎಲ್ಲರೂ ಹೇಳ್ತಾರೆ ಅಂದೆಯಲ್ಲ. ಜಪಾನಿನಲ್ಲೂ ಹಾಗೇ ಹೇಳುತ್ತಿದ್ದರು. 1990ರ ದಶಕದ ಆರಂಭದಲ್ಲಿ ಅಲ್ಲಿ ಜಾಗದ ಬೆಲೆ ಕುಸಿಯಲು ಶುರುವಾಗಿ, ವರ್ಷಗಟ್ಟಲೆ ಇಳಿಯುತ್ತಲೇ ಹೋಯಿತು. ಅಮೆರಿಕದಲ್ಲಿ 2006ರ ನಂತರ ಇಳಿದ ಬೆಲೆ 2008ರಲ್ಲಿ ದೊಡ್ಡ ದೊಡ್ಡ ಬ್ಯಾಂಕುಗಳನ್ನೇ ಅಲ್ಲಾಡಿಸಿತು. ಮನೆ ಬೆಲೆಯಲ್ಲಿ ಇಟ್ಟಿಗೆ, ಸಿಮೆಂಟಿನ ಪಾಲಿನ ಜೊತೆ ಬಡ್ಡಿದರದ ಪಾಲೂ ಇದೆ. ಶೇ 9ರಲ್ಲಿ 900ರ ಕಂತಿಗೆ ಒಂದು ಲಕ್ಷ ಸಾಲ ಸಿಗುತ್ತದೆ. ಬಡ್ಡಿ ಶೇ 6ಕ್ಕೆ ಇಳಿದರೆ ಅದೇ ಕಂತಿಗೆ ಒಂದೂಕಾಲು ಲಕ್ಷ. ಕೊಳ್ಳುವವರ ಕೈಯಲ್ಲಿ ಅಷ್ಟು ಆಡುತ್ತಿದೆ ಅಂತ ಗೊತ್ತಾದ ಮೇಲೆ ಮಾರುವವನು ಸುಮ್ನೆ ಇರ್ತಾನಾ? ಬಡ್ಡಿ ಏರಿದಾಗ ಇದೇ ಆಟ ಉಲ್ಟಾ.

"ಮನೆ ಹತ್ತು ಲಕ್ಷಕ್ಕೆ ಕೊಂಡೆ, 12 ವರ್ಷ ಬಿಟ್ಟು ಇಪ್ಪತ್ತಕ್ಕೆ ಮಾರಿದೆ" ಅಂತ ಯಾರಾದರೂ ಮೀಸೆ ತಿರುವಿದರೆ, ಆ 12 ವರ್ಷದಲ್ಲಿ ಬೇರೆ ಸಾಮಾನು ಎಷ್ಟು ದುಬಾರಿಯಾಯಿತು ಅಂತ ಕೇಳು. ವರ್ಷಕ್ಕೆ ಶೇ 6ರಂತೆ ಏರಿದ್ದರೆ ಎಲ್ಲದರ ಬೆಲೆಯೂ ಎರಡರಷ್ಟಾಗಿರುತ್ತದೆ. ಅವನಿಗೆ ಸಿಕ್ಕಿದ್ದು ಸೊನ್ನೆ. ರಿಪೇರಿ ಖರ್ಚು, ಬಡ್ಡಿ ಸೇರಿಸಿದರೆ ಕೈಯಿಂದಲೇ ಹೋಗಿರಬಹುದು. ಅವನ ಮುಖಕ್ಕೆ ಹೇಳಬೇಡ ಮತ್ತೆ! ಬಾಡಿಗೆ ಉಳಿಯಿತಲ್ಲ ಅನ್ನುತ್ತಾನೆ, ಅದೂ ನಿಜವೇ.

ತೆರಿಗೆ ಬಗ್ಗೆ ಕೇಳಿದ್ದು ಸಣ್ಣ ವಿಷಯ. ಸಂಬಳ ಏರಿ ಮೇಲಿನ ಸ್ಲ್ಯಾಬಿಗೆ, ಅಂದರೆ ತೆರಿಗೆ ದರ ಜಾಸ್ತಿ ಇರುವ ಹಂತಕ್ಕೆ, ಹೋದರೆ ಆ ಗೆರೆ ದಾಟಿದ ಭಾಗಕ್ಕೆ ಮಾತ್ರ ಹೊಸ ದರ ಬೀಳುತ್ತದೆ, ಇಡೀ ಸಂಬಳಕ್ಕಲ್ಲ. ಕೈಗೆ ಬರುವ ಸಂಬಳವೇ ಕಮ್ಮಿಯಾಗುತ್ತದೆ ಅನ್ನುವ ಹೆದರಿಕೆಗೆ ಬಡ್ತಿ ಬೇಡ ಅನ್ನಬೇಡ.

ಇನ್ನು ಬ್ಯಾಂಕಿನಲ್ಲಿಟ್ಟ ದುಡ್ಡು. ಅದು ಕಪಾಟಿನಲ್ಲಿ ಕೂತಿರಲ್ಲ. ಬ್ಯಾಂಕು ಸಾಲ ಕೊಡುವಾಗ ಸಾಲಗಾರನ ಖಾತೆಯಲ್ಲಿ ಹೊಸ ಜಮೆ ಬರೆಯುತ್ತದೆ, ಆ ಕ್ಷಣಕ್ಕೆ ಹೊಸ ಹಣ ಹುಟ್ಟುತ್ತದೆ. ಬ್ರಿಟನ್ನಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡೇ 2014ರಲ್ಲಿ ಇದನ್ನು ಬಿಡಿಸಿ ಬರೆದಿತ್ತು. ಹಾಗಾಗಿ ಖಾತೆಯಲ್ಲಿ ಬರೆದಿರುವ ದುಡ್ಡನ್ನು ಎಲ್ಲರೂ ಒಂದೇ ದಿನ ವಾಪಸ್ ಕೇಳಿದರೆ ಯಾವ ಬ್ಯಾಂಕಿನ ಹತ್ತಿರವೂ ಅಷ್ಟು ನಗದು ಇರಲ್ಲ. ಠೇವಣಿಗೆ ವಿಮೆ ಎಲ್ಲಿವರೆಗೆ ಇದೆ ಅಂತ ನೋಡಿಕೊಂಡು, ಅದಕ್ಕಿಂತ ಜಾಸ್ತಿ ಇದ್ದರೆ ಎರಡು ಬೇರೆ ಬೇರೆ ಬ್ಯಾಂಕಿಗೆ ಹಂಚು.

ಸಾಲದ ಕಾಗದದ ಜೊತೆ ತಿಂಗಳುವಾರು ಕಂತಿನ ಪಟ್ಟಿ ಕೇಳು, ಕೊಟ್ಟೇ ಕೊಡುತ್ತಾರೆ. ಮುಂದಿನ ಸಲ ಬರುವಾಗ ಅದನ್ನು ತಗೊಂಡು ಬಾ. ದೊಡ್ಡಮ್ಮ ಪೆನ್ಸಿಲ್ ಈಗಲೇ ಚೂಪು ಮಾಡಿಟ್ಟಿದ್ದಾಳೆ.

ನಿನ್ನ ಪ್ರೀತಿಯ,
ದೊಡ್ಡಪ್ಪ