ಫ್ಯಾನಿನ ಸ್ಪೀಡ್ ಇಳಿಸುವ ಮೊದಲು

ಪುಟ್ಟಿ,

ನಿನ್ನ ಪತ್ರ ಮೂರು ಸಲ ಓದಿದೆ. ಫ್ಯಾಕ್ಟರಿಯಲ್ಲಿ ಕರೆಂಟ್ ಉಳಿಸುವ ಹೊಸ ಕೆಲಸ, ರೂಮು, ಶಿಫ್ಟು, ಇದೆಲ್ಲ ನಿಮ್ಮಮ್ಮ ಆಗಲೇ ಹೇಳಿದ್ದಾಳೆ, ಅದಕ್ಕೆ ಉತ್ತರ ಬರೆಯೋಲ್ಲ. ಕೊನೆಯಲ್ಲಿ ಸುಮ್ನೆ ಸೇರಿಸಿದ ಹಾಗೆ ಒಂದು ಸಾಲು ಬರೆದಿದ್ದೀಯಲ್ಲ, "ಕರೆಂಟ್ ಉಳಿಸೋಕೆ ಹೋಗಿ ಯಾರಿಗಾದರೂ ಏನಾದರೂ ಆದರೆ ಏನು ಮಾಡೋದು ಮಾವ?" ಅಂತ, ಅದು ರಾತ್ರಿಯೆಲ್ಲ ನನ್ನನ್ನು ಮಲಗಲು ಬಿಡಲಿಲ್ಲ. ಹಾಗೆಲ್ಲ ಏನೂ ಆಗೋಲ್ಲ, ಧೈರ್ಯವಾಗಿರು ಅಂತ ಬರೆಯಲು ಕೂತೆ. ಕೈ ಓಡಲಿಲ್ಲ. ಯಾಕೆಂದರೆ ನನ್ನ ಕೈಯಿಂದಲೇ ಅದು ಒಂದು ಸಲ ಆಗಿದೆ.

ನಾನು ಮೊದಲು ಕೆಲಸ ಮಾಡುತ್ತಿದ್ದ ಫ್ಯಾಕ್ಟರಿ ಯಾಕೆ ಬಿಟ್ಟೆ ಅನ್ನೋದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಈ ಭಾಗ ಮಾತ್ರ ನಿಮ್ಮತ್ತೆಗೂ ಪೂರ್ತಿ ಹೇಳಿಲ್ಲ.

ಅಲ್ಲಿ ಬಿಸಿ ಆಸಿಡ್ ತೊಟ್ಟಿಗಳ ಒಂದು ವಿಭಾಗ ಇತ್ತು. ಹೊಗೆ ಎಳೆಯುವ ಎಕ್ಸಾಸ್ಟ್ ಫ್ಯಾನು ಹಗಲು ರಾತ್ರಿ ಪೂರ್ತಿ ಸ್ಪೀಡಿನಲ್ಲಿ ಓಡುತ್ತಿತ್ತು. ನನಗೆ ಆಗ ವಿಎಫ್‌ಡಿ (ಮೋಟಾರಿನ ಸ್ಪೀಡ್ ಏರಿಸಿ ಇಳಿಸುವ ಸಾಧನ) ಹೊಸದು, ಅದರ ಹುಚ್ಚು. ಫ್ಯಾನಿನ ಲೆಕ್ಕ ನಿನಗೂ ಗೊತ್ತಲ್ವಾ, ಗಾಳಿ ಸ್ಪೀಡಿನಷ್ಟೇ ಇಳಿಯುತ್ತದೆ, ಪವರ್ ಮಾತ್ರ ಅದರ ಘನದಲ್ಲಿ ಇಳಿಯುತ್ತದೆ. 50 ಹರ್ಟ್ಜ್‌ನಿಂದ 40ಕ್ಕೆ ತಂದೆ. ಪವರ್ ಹೆಚ್ಚುಕಡಿಮೆ ಅರ್ಧ ಆಯಿತು. ಇಷ್ಟು ಸುಲಭವಾಗಿ ಇಷ್ಟು ಉಳಿತಾಯ ಬೇರೆ ಎಲ್ಲೂ ಸಿಕ್ಕಿರಲಿಲ್ಲ. ಗ್ರಾಫ್ ಬಿಡಿಸಿ ನೋಟಿಸ್ ಬೋರ್ಡಿಗೆ ಹಾಕಿದೆ, ಮೀಟಿಂಗಿನಲ್ಲಿ ಚಪ್ಪಾಳೆ ತಟ್ಟಿದರು. ಆ ತಿಂಗಳು ಉತ್ಪಾದನೆಯೂ ಇಳಿದಿತ್ತು, ಬಿಲ್ ಕಡಿಮೆ ಬಂದಿದ್ದರಲ್ಲಿ ಅದರ ಪಾಲೂ ಇತ್ತು. ಅದನ್ನು ನಾನು ಹೇಳಲಿಲ್ಲ.

ಗಾಳಿ ಐದರಲ್ಲಿ ಒಂದು ಪಾಲು ಕಡಿಮೆ ಆದಾಗ ತೊಟ್ಟಿಯ ಅಂಚಿನಲ್ಲಿ ಹೊಗೆ ಎತ್ತ ಹೋಗುತ್ತದೆ ಅಂತ ನಾನು ಹೋಗಿ ನಿಂತು ನೋಡಲಿಲ್ಲ. ಅಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರು, ನನಗಿಂತ ವಯಸ್ಸಿನಲ್ಲಿ ದೊಡ್ಡವರು, ಒಂದು ದಿನ ದಾರಿಯಲ್ಲಿ ನಿಲ್ಲಿಸಿ, "ಸಾರ್, ಫ್ಯಾನ್ ಏನಾದರೂ ಕೆಟ್ಟಿದೆಯಾ?" ಅಂತ ಕೇಳಿದರು. ಇಲ್ಲ, ಚೆನ್ನಾಗೇ ಓಡುತ್ತಿದೆ ಅಂದೆ. ಅವರು ಸರಿ ಸಾರ್ ಅಂದು ಹೋದರು. ಎರಡು ತಿಂಗಳಾದ ಮೇಲೆ ಕೆಮ್ಮು ಜಾಸ್ತಿಯಾಗಿ, ಉಸಿರು ಕಟ್ಟಿದ ಹಾಗಾಗಿ, ಅವರನ್ನು ಬೇರೆ ವಿಭಾಗಕ್ಕೆ ಹಾಕಿದರು. ಆಗ ನನಗೆ ಆ ಪ್ರಶ್ನೆ ನೆನಪಾಯಿತು. ಅವತ್ತೇ ಸಂಜೆ ಸ್ಪೀಡ್ ಮೊದಲಿನ ಹಾಗೆ ಮಾಡಿದೆ. ಅವರ ಹತ್ತಿರ ಹೋಗಿ ತಪ್ಪಾಯಿತು ಅನ್ನಲಿಲ್ಲ ಪುಟ್ಟಿ. ಇವತ್ತಿಗೂ ಅಂದಿಲ್ಲ.

ಅದಕ್ಕೇ ನಿನ್ನ ಸಾಲು ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ನಿನಗೆ ಆ ಭಯ ಮೊದಲ ತಿಂಗಳಲ್ಲೇ ಬಂದಿದೆ. ನನಗೆ ಬರಲೇ ಇಲ್ಲ.

10% ಉಳಿಸಬೇಕು ಅಂತ ಅಲ್ಲಿ ಹೇಳಿದ್ದಾರೆ ಅಂತ ನೀನು ಬರೆದಿದ್ದೀಯ. ನನಗೆ ಅನ್ನಿಸುವುದು, ಅದರಲ್ಲಿ ಬಹುಪಾಲು ಯಾರ ಉಸಿರಿಗೂ, ಯಾರ ಕಣ್ಣಿಗೂ ಸಂಬಂಧವಿಲ್ಲದ ಜಾಗದಲ್ಲೇ ಸಿಗಬಹುದು. ಗಾಳಿಯನ್ನು ಒತ್ತಿ ಮೆಷಿನ್‌ಗಳಿಗೆ ಕಳಿಸುವ ಕಂಪ್ರೆಸರ್‌ನಿಂದ ಶುರು ಮಾಡು. ನಿಗಾ ಇಲ್ಲದ ಫ್ಯಾಕ್ಟರಿಗಳಲ್ಲಿ ತಯಾರಾದ ಗಾಳಿಯಲ್ಲಿ 20ರಿಂದ 30% ಲೀಕಿನಲ್ಲೇ ಹೋಗುತ್ತದೆ. 7 ಬಾರ್ ಒತ್ತಡದಲ್ಲಿ 3 ಮಿಲಿಮೀಟರ್ ತೂತು ಒಂದೇ ಸುಮಾರು 3 ಕಿಲೋವಾಟ್ ತಿನ್ನುತ್ತದೆ, ಯಾರೂ ಕೆಲಸ ಮಾಡದ ರಾತ್ರಿಯಲ್ಲೂ. ಮೆಷಿನ್‌ಗಳೆಲ್ಲ ನಿಂತಿರುವ ಒಂದು ರಜಾ ದಿನ ಹೋಗಿ ಸುಮ್ಮನೆ ಕಿವಿಗೊಟ್ಟು ನಡೆದಾಡು, ಬುಸ್ ಅನ್ನುವ ಸದ್ದು ತಾನೇ ಕರೆಯುತ್ತದೆ. ಅದೇ ದಿನ ಮೇನ್ ಮೀಟರ್ ಎಷ್ಟು ತೋರಿಸುತ್ತಿದೆ ನೋಡು. ಏನೂ ತಯಾರಾಗದಾಗ ಓಡುವ ಯೂನಿಟ್ಟು ಯಾವುದಕ್ಕೆ ಅಂತ ಒಂದೊಂದಾಗಿ ಹುಡುಕು. ಲೋಡ್ ಇಲ್ಲದೆ ಸುಮ್ನೆ ತಿರುಗುವ ಸ್ಕ್ರೂ ಕಂಪ್ರೆಸರ್ ಕೂಡ ಪೂರ್ತಿ ಪವರಿನ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೂ ಎಳೆಯುತ್ತದೆ.

ಒತ್ತಡ 1 ಬಾರ್ ಇಳಿಸಿದರೆ ಕಂಪ್ರೆಸರ್ ಪವರ್ 6-7% ಉಳಿಯುತ್ತದೆ, ನಿಜ. ಆದರೆ ಒಂದೇ ಏಟಿಗೆ ಇಳಿಸಬೇಡ. ಸ್ವಲ್ಪ ಸ್ವಲ್ಪವೇ ಇಳಿಸು, ಪ್ರತಿ ಸಲ ಲೈನಿನ ಕಟ್ಟಕಡೆಯ ಮೆಷಿನ್ ಹತ್ತಿರ ಹೋಗು. ಅಲ್ಲಿ ಕ್ಲ್ಯಾಂಪ್ ಹಿಡಿತ ಸಡಿಲವಾದರೆ ಮೊದಲು ತಿಳಿಯುವುದು ಅದರ ಮುಂದೆ ನಿಂತವರಿಗೆ, ನಿನ್ನ ಮೀಟರಿಗಲ್ಲ. ನೋಡು, ಎಲ್ಲಿಂದ ಶುರು ಮಾಡಿದರೂ ಮತ್ತೆ ಅಲ್ಲಿಗೇ ಬರುತ್ತಿದ್ದೇನೆ.

ಬಾಯ್ಲರ್ ಬಗ್ಗೆ ನಿನಗೆ ನನಗಿಂತ ಜಾಸ್ತಿ ಗೊತ್ತಿರಬಹುದು, ಆದರೂ ಬರೆಯುತ್ತೇನೆ. ಸ್ಟೀಮ್ ತಣಿದು ಆದ ಬಿಸಿ ನೀರು, ಅಂದರೆ ಕಂಡೆನ್ಸೇಟ್, ಚರಂಡಿಗೆ ಹೋಗುತ್ತಿದ್ದರೆ ವಾಪಸ್ ತರಿಸು, ಬಾಯ್ಲರಿಗೆ ಹೋಗುವ ಫೀಡ್ ನೀರು ಪ್ರತಿ 6 ಡಿಗ್ರಿ ಬಿಸಿಯಾದರೆ ಸುಮಾರು 1% ಇಂಧನ ಉಳಿಯುತ್ತದೆ. ಬರ್ನರ್ ಗಾಳಿ ಕಡಿಮೆ ಮಾಡುವುದಾದರೆ ಹೊಗೆಯಲ್ಲಿನ ಅನಿಲ ಅಳೆಯುವ ಅನಲೈಸರ್ ಪಕ್ಕದಲ್ಲಿರಲೇಬೇಕು. ಗಾಳಿ ಸಾಲದೆ ಹೋದರೆ ಕಾರ್ಬನ್ ಮೊನಾಕ್ಸೈಡ್, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅಪಾಯ ಬಂದಾಗ ಯಂತ್ರ ತಾನೇ ನಿಲ್ಲುವಂತೆ ಮಾಡುವ ಯಾವ ಇಂಟರ್‌ಲಾಕನ್ನೂ ಯಾರು ಹೇಳಿದರೂ ಬೈಪಾಸ್ ಮಾಡಬೇಡ.

ಐಎಸ್‌ಒ 50001, ಅಂದರೆ ಶಕ್ತಿ ಬಳಕೆ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ, ತರಬೇಕು ಅಂತಲೂ ಬರೆದಿದ್ದೀಯ. ಕಾಗದ ತುಂಬ ಇರುತ್ತದೆ, ಬೇಜಾರಾಗಬೇಡ. ಬದಲಾವಣೆಗೆ ಮೊದಲು ಎಷ್ಟಿತ್ತು ಅಂತ ಅಳೆದಿಟ್ಟುಕೋ, ಆಮೇಲೆ ಅದರ ಜೊತೆ ಹೋಲಿಸು ಅಂತ ಅದು ಕೇಳುತ್ತದೆ, ಅದೊಂದು ಒಳ್ಳೆಯದು. ತಯಾರಾದ ಮಾಲಿನ ಟನ್ನಿಗೆ ಎಷ್ಟು ಯೂನಿಟ್ ಅಂತ ಬರೆದಿಡು, ಬರೀ ಬಿಲ್ ನೋಡಬೇಡ. ನಾನು ಆಗ ಹಾಗೆ ಬರೆದಿದ್ದರೆ ಆ ಗ್ರಾಫ್ ಅಷ್ಟು ಚೆಂದ ಕಾಣುತ್ತಿರಲಿಲ್ಲ, ಬಹುಶಃ ನಾನೂ ಅಷ್ಟು ಮೆರೆಯುತ್ತಿರಲಿಲ್ಲ.

ಇನ್ನೊಂದು ವಿಷಯ ಹೇಳಬೇಕು. ಆ ಹಿರಿಯರು ಬೇರೆ ವಿಭಾಗಕ್ಕೆ ಹೋದ ಮೇಲೆ ತೊಟ್ಟಿಗಳ ವಿಭಾಗದಲ್ಲಿ ಒಂದು ಪ್ಲಾಸ್ಟಿಕ್ ಹಲಗೆ ಗೋಡೆಗೆ ಒರಗಿಸಿಟ್ಟಿದ್ದು ಕಂಡಿತು. ಏನಿದು ಅಂತ ಕೇಳಿದೆ. ಕೆಲಸ ಇಲ್ಲದ ಹೊತ್ತಲ್ಲಿ ಅವರು ಅದನ್ನು ತೊಟ್ಟಿ ಮೇಲೆ ಮುಚ್ಚುತ್ತಿದ್ದರಂತೆ, ವರ್ಷಗಳಿಂದ. ತೆರೆದ ಬಿಸಿ ತೊಟ್ಟಿಯ ಮೇಲ್ಮೈಯಿಂದ ಎಷ್ಟು ಶಾಖ ಆವಿಯಾಗಿ ಹೋಗುತ್ತದೆ ಅಂತ ನಿನಗೆ ಗೊತ್ತಲ್ಲ. ಎಲ್ಲ ತೊಟ್ಟಿಗೂ ಸರಿಯಾದ ಮುಚ್ಚಳ ಮಾಡಿಸಿ, ಬಳಸದ ತೊಟ್ಟಿಯ ಹೊಗೆ ಎಳೆಯುವ ಹುಡ್ ಮುಚ್ಚಿ, ಗಾಳಿ ಹೋಗುವ ಡಕ್ಟ್ ಒಳಗಿನ ಕೊಳೆ ತೆಗೆಸಿದ್ದರೆ, ಆಮೇಲೆ ಫ್ಯಾನ್ ಸ್ಪೀಡ್ ಸ್ವಲ್ಪ ಇಳಿಸಿದರೂ ಬಳಕೆಯಲ್ಲಿರುವ ಹುಡ್‌ಗಳಲ್ಲಿ ಗಾಳಿ ಅಷ್ಟೇ ಸಿಗುತ್ತಿತ್ತು, ತೊಟ್ಟಿ ಬಿಸಿ ಮಾಡುವ ಸ್ಟೀಮೂ ಉಳಿಯುತ್ತಿತ್ತು. ಅವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಅವರೇ ಬಂದು ಕೇಳಿದಾಗ ನಾನು ಚೆನ್ನಾಗೇ ಓಡುತ್ತಿದೆ ಅಂದೆ.

ನಿನ್ನ ಫ್ಯಾಕ್ಟರಿಯಲ್ಲಿ ಪೇಂಟಿಂಗ್ ಬೂತ್ ಇದೆ ಅಂತ ಬರೆದಿದ್ದೀಯಲ್ಲ. ಅದನ್ನು ಮುಟ್ಟಲೇಬೇಡ ಅನ್ನೋಲ್ಲ. ಗಾಳಿಯ ದಾರಿ ತೆರೆದು ಮುಚ್ಚುವ ಡ್ಯಾಂಪರ್ ಅರ್ಧ ಮುಚ್ಚಿ ಫ್ಯಾನ್ ಪೂರ್ತಿ ಓಡಿಸುತ್ತಿದ್ದರೆ, ಡ್ಯಾಂಪರ್ ತೆರೆದು ಸ್ಪೀಡ್ ಇಳಿಸಿ ಅಷ್ಟೇ ಗಾಳಿ ಕಡಿಮೆ ಪವರಿನಲ್ಲಿ ತರಬಹುದು. ಆದರೆ ಮೊದಲು ಅನಿಮೋಮೀಟರ್ ಹಿಡಿದು ಈಗ ಗಾಳಿಯ ವೇಗ ಎಷ್ಟಿದೆ ಬರೆದುಕೋ, ಬದಲಾಯಿಸಿದ ಮೇಲೂ ಬರೆದುಕೋ, ಸುರಕ್ಷತೆ ನೋಡಿಕೊಳ್ಳುವವರ ಸಹಿ ತಗೋ. ಬೂತ್ ಒಳಗೆ ಕೆಲಸ ಮಾಡುವವರಿಗೆ ಏನು ಬದಲಾಯಿಸಿದೆ ಅಂತ ನೀನೇ ಹೋಗಿ ಹೇಳು. ಒಂದು ವಾರ ಬಿಟ್ಟು ಮತ್ತೆ ಹೋಗು, ತಲೆನೋವು ಬಂತಾ, ಕಣ್ಣು ಉರಿಯಿತಾ ಅಂತ ಬಾಯಿಬಿಟ್ಟು ಕೇಳು. ಅವರಾಗಿ ಹೇಳುತ್ತಾರೆ ಅಂತ ಕಾಯಬೇಡ.

ಅಷ್ಟೆಲ್ಲ ಮಾಡಿದರೂ ಏನಾದರೂ ಆಗಬಹುದಾ ಅಂದರೆ, ಆಗಬಹುದು. ಇಲ್ಲ ಅಂತ ನಿನಗೆ ಸುಳ್ಳು ಬರೆಯೋಕೆ ನನಗೆ ಮನಸ್ಸಿಲ್ಲ. ಆದರೆ ನಿನಗೆ ಬೇಗ ತಿಳಿಯುತ್ತದೆ, ಎರಡು ತಿಂಗಳು ಆಗೋಲ್ಲ.

ಬೂತಿನ ಗಾಳಿ ಅಳೆದ ಮೇಲೆ ಅಂಕಿ ಕಳಿಸು, ಕೂತು ನೋಡುತ್ತೇನೆ. ನಾನೂ ಈ ವಾರ ಹಳೆಯ ಡೈರಿಯಲ್ಲಿ ಅವರ ನಂಬರ್ ಹುಡುಕುತ್ತಿದ್ದೇನೆ.

ನಿನ್ನ ಮಾವ