ಟಿಕೆಟ್ ಕಿಟಕಿಯ ಪಕ್ಕ ಒಂದು ಕರಿಹಲಗೆ ಹಾಕಿಸಿ

ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ,
ಕಾರವಾರ

ನಮಸ್ಕಾರ.

ಕಳೆದ ರಜೆಯಲ್ಲಿ ಒಂಬತ್ತು ವರ್ಷದ ಮಗನನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದೆ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಟಾಕೀಸು ಯಾವುದು ಅಂತ ಬೇಡ ಬಿಡಿ. ಪೋಸ್ಟರಿನಲ್ಲಿ ಹೀರೋ ಬೈಕ್ ಮೇಲೆ ಕೂತು ನಗುತ್ತಿದ್ದ. ಮಗ ಹಟ ಮಾಡಿದ, ನಾನೂ ಹೆಚ್ಚು ವಿಚಾರಿಸಲಿಲ್ಲ. ಆ ತಪ್ಪು ನನ್ನದೇ. ಅರ್ಧ ಗಂಟೆಯೊಳಗೆ ಮಚ್ಚು ಬಂತು. ಮಗ ಕಣ್ಣು ಮುಚ್ಚಲಿಲ್ಲ, ಕಿವಿ ಮುಚ್ಚಿಕೊಂಡ. ಮಚ್ಚು ಮೂಳೆಗೆ ತಾಗುವ ಸದ್ದನ್ನು ಅಷ್ಟು ಜೋರಾಗಿ ಕೇಳಿಸುತ್ತಾರೆ. ಇಂಟರ್ವಲ್ಲಿನಲ್ಲಿ ಗೇಟ್ ಕಾಯುವವರು ಅವನ ಮುಖ ನೋಡಿ, "ಮುಂದೆ ಇದಕ್ಕಿಂತ ಜಾಸ್ತಿ ಇದೆ ಅಕ್ಕಾ, ಮನೆಗೆ ಕರ್ಕೊಂಡು ಹೋಗಿ" ಅಂದರು. ಪುಣ್ಯಾತ್ಮ. ಟಿಕೆಟ್ ತೆಗೆಸುವ ಮೊದಲೇ ಸಿಕ್ಕಿದ್ದರೆ!

ಹೊಡೆದಾಟವೇ ಬೇಡ ಅನ್ನುವವಳಲ್ಲ ನಾನು. ನಮ್ಮ ಕಡೆ ಮಕ್ಕಳು ಯಕ್ಷಗಾನ ನೋಡುತ್ತಲೇ ಬೆಳೆಯುತ್ತಾರೆ. ಚಂಡೆ ಏರಿ ರಾಕ್ಷಸ ವೇಷ ಅಬ್ಬರಿಸುತ್ತ ಬಂದರೆ ಮಗ ಇವತ್ತಿಗೂ ನನ್ನ ಕಂಬಳಿಯೊಳಗೆ ನುಸುಳುತ್ತಾನೆ. ಆದರೆ ಸತ್ತ ಕೀಚಕ ಎದ್ದು ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ, ಹೋಗುತ್ತಾನೆ. ಒಮ್ಮೆ ಮಗನೇ ಹಿಂದೆ ಹೋಗಿ ಇಣುಕಿದ. ಕೀಚಕ ಕಿರೀಟ ಬಿಚ್ಚಿಟ್ಟು ಚಾ ಕುಡಿಯುತ್ತಿದ್ದ. ಅವನಿಗೆ ಅಷ್ಟು ಸಾಕಾಯಿತು. ಸಿನಿಮಾದ ಸಾವಿಗೆ ಚೌಕಿಯೇ ಇಲ್ಲ ಅಲ್ವಾ.

ಸರ್ಟಿಫಿಕೇಟ್ ನೋಡಬೇಕಿತ್ತು ಅಂತ ನೀವು ಹೇಳಬಹುದು. ಸರಿ. ಸಿನಿಮಾ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆದ ಮೇಲೆ, ದೊಡ್ಡವರ ನಿಗಾದಲ್ಲಿ ಮಕ್ಕಳೂ ನೋಡಬಹುದಾದ ಯುಎ ಸರ್ಟಿಫಿಕೇಟ್ ವಯಸ್ಸಿನ ಪ್ರಕಾರ ಮೂರಾಗಿದೆ: 7+, 13+, 16+. ಒಳ್ಳೆಯ ಕೆಲಸವೇ. ಆದರೆ ಅದು ತಂದೆ ತಾಯಿಗೆ ಕೊಡುವ ಸಲಹೆ. ಮಕ್ಕಳನ್ನು ಒಳಗೆ ಕರೆದುಕೊಂಡು ಹೋಗಬೇಕೋ ಬೇಡವೋ, ತೀರ್ಮಾನ ನಮ್ಮದು. ಹಾಗಾದರೆ ದುಡ್ಡು ಕೊಡುವ ಮೊದಲೇ ನಮಗೆ ಗೊತ್ತಾಗಬೇಕು. ಈಗ ಪೋಸ್ಟರಿನ ಮೂಲೆಯಲ್ಲಿ ಸಾಸಿವೆಯಷ್ಟು ಅಕ್ಷರ, ಆಮೇಲೆ ಪರದೆ ಮೇಲೆ ಕೆಲವು ಸೆಕೆಂಡು. ಅಷ್ಟೊತ್ತಿಗೆ ಪಾಪ್‌ಕಾರ್ನ್ ಕೈಗೆ ಬಂದಿರುತ್ತದೆ. ಅಲ್ಲದೆ 16+ ಯಾಕೆ? ಬೈಗುಳಕ್ಕೋ, ರಕ್ತಕ್ಕೋ? ಒಟಿಟಿಯವರು 2021ರ ನಿಯಮದಂತೆ ವಯಸ್ಸಿನ ಜೊತೆಗೆ ಒಳಗೆ ಏನಿದೆ ಅಂತಲೂ ತೋರಿಸಬೇಕು. ಮನೆಯಲ್ಲಿ ಮೊಬೈಲಿಗೆ ಬರುವ ಆ ಒಂದು ಸಾಲು ಟಾಕೀಸಿನ ಬಾಗಿಲಲ್ಲಿ ಇಲ್ಲ.

ಟಾಕೀಸಿಗೆ ಲೈಸೆನ್ಸ್ ಕೊಡುವುದು ನಿಮ್ಮ ಕಚೇರಿ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಕರಾವಳಿಯಲ್ಲೂ ಘಟ್ಟದ ಮೇಲೂ ಟಿಕೆಟ್ ಕಿಟಕಿಯ ಪಕ್ಕ ಒಂದು ಕರಿಹಲಗೆ ಹಾಕಿಸಿ. ಮೇಲೆ ದೊಡ್ಡದಾಗಿ ಯುಎ 16+ ಅಂತ. ಕೆಳಗೆ ಕನ್ನಡದಲ್ಲಿ ಎರಡು ಸಾಲು: "ಕತ್ತು ಕೊಯ್ಯುವುದನ್ನು ಹತ್ತಿರದಿಂದ ತೋರಿಸಿದ್ದಾರೆ. ರಕ್ತ ಜಾಸ್ತಿ." ಬರೆಯುವುದಕ್ಕೆ ದೊಡ್ಡ ಕಮಿಟಿ ಬೇಡ. ಮೊದಲ ಶೋ ನೋಡಿದ ಆ ಗೇಟಿನವರೇ ಸಾಕು, ಅವರಿಗೆ ಎಲ್ಲ ಗೊತ್ತು. ಒಂದು ಚಾಕ್‌ಪೀಸಿನ ಖರ್ಚು.

'ಎ' ಸಿನಿಮಾದ ಮಾತು ಬೇರೆ. ಅಪ್ಪ ಅಮ್ಮ ಜೊತೆಗಿದ್ದರೂ ಶಾಲೆಗೆ ಹೋಗುವ ಮಕ್ಕಳನ್ನು ಬಿಡುವಂತಿಲ್ಲ. ಅದನ್ನೂ ಅದೇ ಹಲಗೆಯಲ್ಲಿ ಬರೆಸಿ. ಗೇಟಿನಲ್ಲಿ "ನಮ್ಮ ಮಗು, ನಿಮಗೇನು?" ಅನ್ನುವ ಜಗಳ ಕಡಿಮೆಯಾದೀತು.

ದಸರಾ ರಜೆಗೆ ದೊಡ್ಡ ಸಿನಿಮಾಗಳು ಬರುತ್ತವೆ. ಅಷ್ಟರೊಳಗೆ ಆದರೆ ಒಳ್ಳೆಯದು. ಮಗ ಈಗ ಸಿನಿಮಾ ಅಂದರೆ ಮೊದಲು ಕೇಳುವುದು, "ಸೌಂಡ್ ಹೇಗಿದೆ ಅಮ್ಮಾ?"

ಇತಿ,
ಶಿರಸಿ ಕಡೆಯ ಒಬ್ಬ ತಾಯಿ